ಅಕ್ಕನ ಕಿವಿಯೆತ್ತರದ ಪೆಟ್ಟಿಗೆ

ಹೊಸ್ತಿಲು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಬೇರೆಯವರು ಹೇಳಬೇಕಿತ್ತು, ಹೇಳುತ್ತಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ. ನನ್ನ ಹೆಸರು ಮೋನಪ್ಪಾಚಾರಿ. ಮೂವತ್ತೈದು ವರ್ಷದಿಂದ ಮಾಡಿದ್ದು ಅದೊಂದೇ ಕೆಲಸ. ಬೇರೆ ಊರಿನ ಬಡಗಿಗಳು ಬಾಗಿಲು, ಕಿಟಕಿ, ಮಂಚ ಅಂತ ಏನೇನೋ ಮಾಡಿಕೊಂಡಿರುತ್ತಾರೆ. ಅಲ್ಲಿ ಹೊಸ್ತಿಲು ಅಂದರೆ ನಾಲ್ಕು ಬೆರಳೆತ್ತರದ ಪಟ್ಟಿ, ಅರಿಸಿನ ಕುಂಕುಮ ಹಚ್ಚುವುದಕ್ಕೆ ಸಾಕು. ನಮ್ಮೂರಲ್ಲಿ ಹೊಸ್ತಿಲು ಮಂಡಿಯೆತ್ತರ ಇರಬೇಕು. ಯಾಕೆಂದರೆ ನಮ್ಮೂರಲ್ಲಿ ದಪ್ಪ ಸದ್ದು ನೆಲಕ್ಕೆ ಬೀಳುತ್ತದೆ.

ಹಕ್ಕಿಯ ಕೂಗು, ಬಳೆಯ ಸದ್ದು, ಹೆಂಗಸರ ಮಾತು, ಸೈಕಲ್ ಗಂಟೆ, ಇವೆಲ್ಲ ಎಲ್ಲ ಕಡೆಯಂತೆ ಗಾಳಿಯಲ್ಲೇ ಹೋಗುತ್ತವೆ. ದಪ್ಪ ಸದ್ದು ಮಾತ್ರ ಹುಟ್ಟಿದ ಕೂಡಲೇ ಕೆಳಗಿಳಿದು, ಮಂಡಿಯ ಮಟ್ಟಕ್ಕಿಂತ ಮೇಲೇರದೆ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಹಿಟ್ಟಿನ ಗಿರಣಿ ಶುರುವಾದರೆ ಅದರ ಗುಂಯ್‌ಗುಟ್ಟುವಿಕೆ ಬೀದಿಯುದ್ದಕ್ಕೂ ಹರಿದು ಬರುತ್ತದೆ. ನಿಂತವರ ಕಿವಿಗೆ ಏನೂ ಇಲ್ಲ, ಪಾದಕ್ಕೆ ಮಾತ್ರ ಕಚಗುಳಿ. ಬಸ್ಸು ಬರುತ್ತಿದೆಯೋ ಇಲ್ಲವೋ ಅಂತ ನಾವು ಕಾಲಿನಿಂದ ತಿಳಿಯುತ್ತೇವೆ, ಹಾಗಾಗಿ ರಸ್ತೆ ದಾಟುವಾಗ ಚಪ್ಪಲಿ ಕೈಯಲ್ಲಿರುತ್ತದೆ. ಗಂಡಸರು ಚಿಕ್ಕಂದಿನಿಂದಲೇ ಮೂಗಿನಲ್ಲಿ ಮಾತಾಡುವುದನ್ನು ಕಲಿತಿರುತ್ತಾರೆ. ಅದು ಬಾರದವರ ಮನೆಯಲ್ಲಿ ಗಂಡ ಬಾಯಿ ತೆರೆದರೆ ಹೆಂಡತಿ ಚಾಪೆ ಹಾಸಿಕೊಂಡು ಕೂರುತ್ತಾಳೆ. ಕೇಳುವ ಮನಸ್ಸಿಲ್ಲದಿದ್ದರೆ ಎದ್ದು ನಿಲ್ಲುತ್ತಾಳೆ. ಪಕ್ಕದ ಮನೆಯವನ ಗೊರಕೆ ನಮ್ಮ ನಡುಮನೆಗೆ ಹರಿದು ಬರಬಾರದು ಅಂದರೆ ಒಂದು ಸಂದಿಯೂ ಇಲ್ಲದ ಹೊಸ್ತಿಲು ಬೇಕು. ಅದಕ್ಕೆ ನಾನು ಬೇಕು.

ನನ್ನ ಅಕ್ಕ ಕಾಳಮ್ಮನ ಮದುವೆಗೆ ನಾನು ಕೊಟ್ಟ ಉಡುಗೊರೆಯೂ ಹೊಸ್ತಿಲೇ. ಹೊನ್ನೆ ಮರದ ಒಂದೇ ತುಂಡು, ಊರಿಗೆಲ್ಲ ಎತ್ತರದ್ದು. ಅದನ್ನು ದಿನಕ್ಕೆ ಇಪ್ಪತ್ತು ಸಲ ದಾಟಿ ದಾಟಿಯೇ ತನ್ನ ಮಂಡಿ ಎರಡೂ ಹೋದವು ಅಂತ ಅಕ್ಕ ಊರಿಗೆಲ್ಲ ಹೇಳಿದ್ದಾಳೆ. ನಾನು ಬಾಯಿಬಿಟ್ಟು ಒಪ್ಪಿಲ್ಲ. ಆದರೆ ಎರಡು ವರ್ಷದಿಂದ ಅವಳು ಆ ಹೊಸ್ತಿಲು ದಾಟಿ ಬೀದಿಗೆ ಬಂದಿಲ್ಲ. ನೆಲದ ಮೇಲೆ ಕೂರುವ ಹಾಗೂ ಇಲ್ಲ, ಕೂತರೆ ಎಬ್ಬಿಸಲು ನಾಲ್ಕು ಜನ ಬೇಕು. ಭಾವ ತೀರಿಕೊಂಡ ಮೇಲೆ ನಡುಮನೆಯಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು, ಅದರ ಮೇಲೆ ಕೂತು, ಕಿಟಕಿಯಿಂದಲೇ ಬೀದಿಯನ್ನು ಆಳುತ್ತಿದ್ದಳು. ನಾನು ಅವಳ ಮನೆಗೆ ಹೋದಾಗಲೆಲ್ಲ ಆ ಹೊಸ್ತಿಲನ್ನು ನೋಡದೆ ದಾಟುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಅಕ್ಕನ ಒಬ್ಬಳೇ ಮಗಳು ಇಂದ್ರಾಣಿ. ಅವಳು ಏಕಾಂಬರನನ್ನು ಮೆಚ್ಚಿದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ. ಅವನು ಬೇರೆ ಊರಿನವನು, ಮೈಕ್ ಸೆಟ್ ತಂದಿದ್ದ. ಬೀರುವಿನಂಥ ಎರಡು ಸ್ಪೀಕರ್ ನಿಲ್ಲಿಸಿ ಹಾಡು ಹಾಕಿದ. ತಾಳವೆಲ್ಲ ಮಣ್ಣುಪಾಲಾಗಿ ಮೇಲೆ ಬರೀ ಚಿಂವ್ ಚಿಂವ್ ಉಳಿಯಿತು. ನಮ್ಮ ಜನ ಬಿದ್ದೂ ಬಿದ್ದೂ ನಕ್ಕರು. ಆರಡಿ ಎತ್ತರದ ಆ ಹುಡುಗ ಪೆಚ್ಚಾಗಿ ಏನೋ ಅಂದ, ನಿಂತವರಿಗೆ ಯಾರಿಗೂ ಕೇಳಲಿಲ್ಲ, ಅವನ ದನಿ ಅಷ್ಟು ದಪ್ಪ. ಇಂದ್ರಾಣಿ ಮಾತ್ರ ವೇದಿಕೆಯ ಮೂಲೆಯಲ್ಲಿ ನೆಲದ ಮೇಲೆ ಕೂತು ಹೂ ಪೋಣಿಸುತ್ತಿದ್ದಳು. "ಅತ್ತೆ, ಅವರು ‘ಅಯ್ಯೋ ದೇವ್ರೇ, ನಿನ್ನೆ ತನಕ ಚೆನ್ನಾಗಿತ್ತಲ್ಲಪ್ಪಾ’ ಅಂದ್ರು. ಆ ದನಿ ಕೇಳಿ ಸೂಜಿ ಬೆರಳಿಗೆ ಚುಚ್ಕೊಂಡೆ" ಅಂತ ನನ್ನ ಹೆಂಡತಿ ವನಜಾಕ್ಷಿಯ ಹತ್ತಿರ ಹೇಳಿಕೊಂಡಳಂತೆ. ಆಮೇಲೆ ಅವನು ಏನೇನೋ ನೆಪ ಮಾಡಿಕೊಂಡು ಬಂದ, ಇವಳು ಎಲ್ಲೆಲ್ಲೋ ನೆಲದ ಮೇಲೆ ಕೂತಳು. ಅಮ್ಮನನ್ನು ಬಿಟ್ಟು ಬರಲಾರೆ ಅಂತ ಇವಳು ಅಂದದ್ದಕ್ಕೆ, ಇಲ್ಲೇ ರೇಡಿಯೋ ರಿಪೇರಿ ಅಂಗಡಿ ಹಾಕಿಕೊಂಡು ಅತ್ತೆಮನೆಯಲ್ಲೇ ಇರುತ್ತೇನೆ ಅಂತ ಅವನೂ ಒಪ್ಪಿದ. ಇನ್ನು ಅಕ್ಕನ ಹೂಂ ಒಂದೇ ಬಾಕಿ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹುಡುಗ ಮೊದಲ ಸಲ ಹುಡುಗಿಯ ತಾಯಿಯನ್ನು ಕಾಣಲು ಬರುವಾಗ ಒಬ್ಬನೇ ಬರಬೇಕು, ಹುಡುಗಿ ಮನೆಯಲ್ಲಿ ಇರಬಾರದು. ಏಕಾಂಬರ ಒಂದು ಭಾನುವಾರ ಹಾಗೆ ಬಂದ. ಮುಂದಿನ ಭಾನುವಾರ ಮತ್ತೆ ಬಂದ. ಅದರ ಮುಂದಿನ ಭಾನುವಾರವೂ ಬಂದ. ನಾಲ್ಕನೇ ಭಾನುವಾರ ಅಕ್ಕ ನನ್ನನ್ನು ಕರೆಸಿದಳು.

"ಮೋನಾ, ಆ ಕಂಬ ನನ್ನ ಬಾಗಿಲಿಗೆ ಬಂದು ಏನೋ ಅಂತು. ಏನಂತು?"

"ನಂಗೇನ್ ಗೊತ್ತಕ್ಕ? ನಾನಿದ್ನಾ ಇಲ್ಲಿ?"

"ಮೂರು ಸಲ ಬಂದ ಕಣೋ. ಮೂರು ಸಲನೂ ಹೊಸ್ತಿಲ ಆಚೆನೇ ನಿಂತ. ಬಾಯಾಡಿಸಿದ. ನನ್ನ ಮುಖ ನೋಡ್ಕೊಂಡು ನಿಂತಿದ್ದ. ಆಮೇಲೆ ತಿರುಗಿ ಹೊರಟೇಹೋದ. ಒಳಗೆ ಕಾಲಿಡ್ಲಿಲ್ಲ. ಏನು, ನನ್ನ ಮನೆ ಅಷ್ಟು ಕೀಳಾ ಅವನಿಗೆ?"

"ಅವನ ದನಿ ದಪ್ಪ ಅಕ್ಕ. ಹೊಸ್ತಿಲ ಆಚೆನೇ ಬಿದ್ದಿರತ್ತೆ. ಏನಂದೆ ಅಂತ ಕೇಳ್ಕೊಂಡು ಬರ್ತೀನಿ ಬಿಡು."

"ನೀನು ಹೇಳಿದ್ರೆ ನಾನು ನಂಬಲ್ಲ. ಇಂದ್ರಾಣಿ ಹೇಳಿದ್ರಂತೂ ನಂಬೋದೇ ಇಲ್ಲ, ಅವಳು ಅವನ ಪರ. ಅವತ್ತು ಏನಂದನೋ ಅದನ್ನ ಅದೇ ಬಾಯಲ್ಲಿ, ಅದೇ ದನೀಲಿ, ಇದೇ ಕುರ್ಚಿ ಮೇಲೆ ಕೂತಿರೋ ನನ್ನ ಕಿವಿಗೆ ಹಾಕ್ಲಿ. ಮುಂದಿನ ಮೂವತ್ತು ವರ್ಷ ನನ್ನ ಮನೇಲಿ ಇರೋ ಗಂಡಸು, ಅವನ ಒಂದು ಮಾತೂ ನನಗೆ ಕೇಳಲ್ಲ ಅಂದ್ರೆ ಅವನು ಅಳಿಯನೋ, ಬೀರುವೋ? ಹುಣ್ಣಿಮೆ ತನಕ ನೋಡ್ತೀನಿ. ಆಮೇಲೆ ಪಾತ್ರೆ ಅಂಗಡಿಯವರ ಸಂಬಂಧಕ್ಕೆ ಹೂಂ ಅಂದ್ಬಿಡ್ತೀನಿ."

ಪಾತ್ರೆ ಅಂಗಡಿಯವರ ಮಗನ ದನಿ ಸೀಟಿಯ ಹಾಗೆ, ಎರಡು ಬೀದಿ ಆಚೆ ಸೀನಿದರೂ ನಮಗೆ ಗೊತ್ತಾಗುತ್ತದೆ. ಒಳ್ಳೆಯ ಹುಡುಗನೇ, ಇಲ್ಲ ಅನ್ನುವುದಿಲ್ಲ. ಆದರೆ ಇಂದ್ರಾಣಿ ಆ ದಿನ ನಮ್ಮ ಮನೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಮಾವ, ಏನಾದ್ರೂ ಮಾಡು" ಅಂತ ಒಂದೇ ಮಾತು ಅಂದು ಅತ್ತುಬಿಟ್ಟಳು. ನನ್ನ ಕೈಯಲ್ಲಿ ಬೆಳೆದ ಮಗು ಅದು. ನನಗೆ ತಡೆಯಲಾಗಲಿಲ್ಲ. ಹುಣ್ಣಿಮೆಗೆ ಇನ್ನು ಹನ್ನೆರಡು ದಿನ ಇತ್ತು.

ಮೊದಲು ಫೋನ್ ಪ್ರಯತ್ನ ಮಾಡಿದೆವು. ಏಕಾಂಬರ ಆ ಕಡೆಯಿಂದ ಮಾತಾಡಿದ, ಅವನ ದನಿ ಅಕ್ಕನ ಫೋನಿನಿಂದ ಜಾರಿ ಮಡಿಲಿಗೆ ಬಿತ್ತು. ಅಕ್ಕ ಸೆರಗು ಕೊಡವಿದಳು. ಆಮೇಲೆ ನಮ್ಮೂರ ಗಂಡಸರ ಹಾಗೆ ಮೂಗಿನಲ್ಲಿ ಮಾತಾಡು ಅಂತ ಅವನಿಗೆ ಎರಡು ದಿನ ಕಲಿಸಿದೆ. ಕಿಟಕಿಯ ಹತ್ತಿರ ನಿಂತು ‘ನಮಸ್ಕಾರ ಅಮ್ಮ’ ಅಂದದ್ದಕ್ಕೆ ಅಕ್ಕ, "ಬಾಲ ತುಳಿದ ಬೆಕ್ಕಿನ ಹಾಗಿದೆ, ಇದು ಅವನ ದನಿ ಅಲ್ಲ" ಅಂದಳು. ಮಾಳಿಗೆ ಹತ್ತಿ ಮೇಲಿಂದ ಹೇಳಿಸೋಣ ಅಂತ ನಾನೇ ಏಣಿ ಹಾಕಿದೆ. ಅವನ ಮಾತು ಬೆಳಕಿಂಡಿಯೊಳಗೆ ಇಳಿಯುವ ಬದಲು ಸೂರಿನಿಂದ ಹೊರಗೆ ಜಾರಿ ಕೊಟ್ಟಿಗೆಗೆ ಬಿತ್ತು. ಪಕ್ಕದ ಮನೆಯವರ ಎಮ್ಮೆ ತಲೆಯೆತ್ತಿ ಬಹಳ ಹೊತ್ತು ಅವನನ್ನೇ ನೋಡಿತು. ಅವನು ಅಂದದ್ದು ಏನು ಅಂತ ಊರಿನಲ್ಲಿ ಗೊತ್ತಿದ್ದದ್ದು ಆ ಎಮ್ಮೆಗೆ ಮಾತ್ರ.

ಆ ಮಧ್ಯಾಹ್ನ ಏಕಾಂಬರ ನನ್ನ ಅಂಗಡಿಗೆ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ನಾನು ನೆಲದ ಮೇಲೆ ಬಗ್ಗಿ ಕೂತೇ ಕೆಲಸ ಮಾಡುವವನು, ಹಾಗಾಗಿ ಅವನ ಮಾತು ನನಗೆ ಚೆನ್ನಾಗಿ ಕೇಳುತ್ತಿತ್ತು. ಒಳ್ಳೆಯ ದನಿ. ಬಾವಿಯೊಳಗಿಂದ ಯಾರೋ ಪ್ರೀತಿಯಿಂದ ಮಾತಾಡಿದ ಹಾಗೆ.

"ಮಾವ, ನಮ್ಮೂರಲ್ಲಿ ನಾನು ಮನೇಲೇ ಸಬ್ ವೂಫರ್ ಮಾಡಿದೀನಿ. ಹನ್ನೆರಡಿಂಚಿನ ಸ್ಪೀಕರ್, ಅದಕ್ಕೊಂದು ಮರದ ಪೆಟ್ಟಿಗೆ. ದಪ್ಪ ಸದ್ದಿಗೇ ಅಂತ ಇರೋದು ಅದು. ಪೆಟ್ಟಿಗೆ ಗಟ್ಟಿ ಇದ್ದು ಎಲ್ಲೂ ಸೋರದೆ ಇದ್ರೆ, ಈ ಊರಲ್ಲಿ ದನಿ ಒಳಗೆ ತುಂಬ್ಕೊಂಡು ಮೇಲೆ ಬರ್ಬೇಕಲ್ವಾ? ಕೊಡ ತುಂಬಿದ ಹಾಗೆ. ಮೇಲುಗಡೆ ಒಂದು ಬಾಯಿ ಇಟ್ರೆ ಅಮ್ಮನ ಕಿವಿ ಹತ್ರ ಚೆಲ್ಲತ್ತೆ."

"ಅದೆಲ್ಲ ಸರಿ. ಅವತ್ತು ಏನಂದೆ ಅಕ್ಕನಿಗೆ? ನನಗಾದ್ರೂ ಹೇಳು, ಜೀವ ತಡೀತಿಲ್ಲ."

ಅವನ ಕಿವಿ ಕೆಂಪಾಯಿತು. "ಬೇಡ ಮಾವ. ತುಂಬ ಚಿಕ್ಕ ಮಾತು ಅದು. ಊರೆಲ್ಲ ಸೇರಿ ದೊಡ್ಡದು ಮಾಡ್ಬಿಟ್ರಿ, ಈಗ ಹೇಳೋಕೆ ನಾಚಿಕೆ ಆಗತ್ತೆ. ಅಮ್ಮನಿಗೆ ಅಂದಿದ್ದು, ಅಮ್ಮನಿಗೇ ಹೇಳ್ತೀನಿ."

ಪೆಟ್ಟಿಗೆ ತಾನೇ, ಇದೇನು ಬ್ರಹ್ಮವಿದ್ಯೆ ಅಂತ ನಾನು ಶುರು ಮಾಡಿಬಿಟ್ಟೆ. ಅಳತೆ ಮಾತ್ರ ಅವನದು. ಅಕ್ಕ ಕುರ್ಚಿಯಲ್ಲಿ ಕೂತಾಗ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರದ ಪೆಟ್ಟಿಗೆ, ಕೆಳಗೆ ಒಂದು ಪಕ್ಕಕ್ಕೆ ಸ್ಪೀಕರಿಗೆ ದುಂಡನೆಯ ತೂತು, ನೆತ್ತಿಯಲ್ಲಿ ಕೈ ತೂರುವಷ್ಟು ಅಗಲದ ಪ್ಲಾಸ್ಟಿಕ್ ಪೈಪಿನ ಬಾಯಿ. ಮಿಕ್ಕಿದ್ದು ನನ್ನ ಬುದ್ಧಿ. ಮೂವತ್ತೈದು ವರ್ಷ ದಪ್ಪ ಸದ್ದನ್ನು ತಡೆದವನು ನಾನು, ಅದು ಕೆಳಗೇ ಒತ್ತುತ್ತದೆ ಅಂತ ನನಗೆ ಗೊತ್ತಿಲ್ಲವೇ? ಹಾಗಾಗಿ ತಳಕ್ಕೆ ಮೂರು ಪದರ ಹಲಗೆ ಹಾಕಿದೆ. ಪಕ್ಕದ ಹಲಗೆಗಳನ್ನು ಮಂಡಿಯ ಮಟ್ಟದ ತನಕ ದಪ್ಪಗಿಟ್ಟು ಆಮೇಲೆ ತೆಳ್ಳಗೆ ಮಾಡಿದೆ. ನೆತ್ತಿಯ ಮೇಲೆ, ಧೂಳು ಬೀಳದಿರಲಿ ಅಂತ, ರಟ್ಟಿನಂಥ ಒಂದು ಹಾಳೆ ಪ್ಲೈವುಡ್. ಏಕಾಂಬರ ಅದನ್ನು ನೋಡಿ ಏನೋ ಹೇಳಲು ಬಗ್ಗಿದ. ನಾನು ಎದ್ದು ನಿಂತುಬಿಟ್ಟೆ.

ಮೈಕಿನಲ್ಲಿ ಅವನು ‘ಹಲೋ’ ಅಂದದ್ದೇ ತಡ, ನೆತ್ತಿಯ ಹಾಳೆ ಪಟಪಟ ಹೊಡೆದುಕೊಂಡು ಎಗರಿ ತೊಲೆಗೆ ಬಡಿಯಿತು. ಪಕ್ಕದ ಹಲಗೆಗಳು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿದವು, ಸಂದಿಗಳು ಬಾಯಿಬಿಟ್ಟವು, ಹಲೋ ಅನ್ನುವುದೆಲ್ಲ ಸೋರಿ ಅಂಗಡಿಯಿಂದ ಬೀದಿಗೆ ಹರಿಯಿತು. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ಕಚಗುಳಿ ತಾಳಲಾರದೆ ಒಂದೊಂದು ಕಾಲೆತ್ತಿ ಕುಣಿದರು. ದರ್ಜಿ ಇಮಾಮಣ್ಣ ಅಂಗಡಿಯ ಕಟ್ಟೆಯಿಂದ ಬಗ್ಗಿ ನೆಲಕ್ಕೆ ಕಿವಿ ಕೊಟ್ಟು, "ಹಲೋ ಹಲೋ, ಯಾರು ಬೇಕಾಗಿತ್ತು?" ಅಂತ ಉತ್ತರ ಕೊಟ್ಟ.

ನನ್ನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ವನಜಾಕ್ಷಿ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಲ್ರೀ, ಇಡ್ಲಿ ಪಾತ್ರೆ ಒಲೆ ಮೇಲಿದ್ದಾಗ ಆವಿ ಮುಚ್ಚಳನ ಎತ್ತಲ್ವಾ? ಬರೀ ತಳಾನೇ ತಳ್ಳತ್ತಾ? ಇಷ್ಟು ವರ್ಷ ಇಡ್ಲಿ ತಿಂದ್ರಲ್ಲ, ಯಾವತ್ತಾದ್ರೂ ಅಡುಗೆಮನೆ ಕಡೆ ನೋಡಿದೀರಾ?"

"ಅದೇ ಮಾವ ನಾನು ಹೇಳೋಕೆ ಬಂದಿದ್ದು" ಅಂದ ಏಕಾಂಬರ. "ಹೊರಗೆ ಬಂದ್ಮೇಲೆ ಅದು ಬೀಳತ್ತೆ. ಮುಚ್ಚಿದ ಪೆಟ್ಟಿಗೆ ಒಳಗೆ ಇದ್ದಾಗ ಎಲ್ಲಾ ಕಡೆಗೂ ಒಂದೇ ಸಮ ಒದೆಯತ್ತೆ."

ಸಿಟ್ಟು ಬಂತು. ಎಗರಿಬಿದ್ದ ಹಾಳೆಯನ್ನು ಬೀದಿಗೆ ಎಸೆದೆ. ಆಮೇಲೆ ಹೊಸ ಹಲಗೆ ತೆಗೆದುಕೊಂಡೆ, ಯಾಕೆಂದರೆ ಹುಣ್ಣಿಮೆಗೆ ಆರು ದಿನ ಉಳಿದಿತ್ತು.

ಎರಡನೆಯ ಪೆಟ್ಟಿಗೆಗೆ ಆರೂ ಮುಖಕ್ಕೆ ಒಂದೇ ದಪ್ಪದ, ಮುಕ್ಕಾಲು ಇಂಚಿನ ಪ್ಲೈವುಡ್ ಹಾಕಿದೆ. ಗೋಂದಿಗೆ ಮರದ ಪುಡಿ ಕಲಸಿ ಒಂದೊಂದು ಸಂದಿಗೂ ಬೆರಳಿನಿಂದ ತುಂಬಿದೆ. ನಾಲ್ಕು ಬೆರಳಿಗೊಂದು ಸ್ಕ್ರೂ. ವನಜಾಕ್ಷಿ ಬರಿಗಾಲಲ್ಲಿ ದೇವರಿಗೆ ಸುತ್ತು ಬಂದ ಹಾಗೆ ಪೆಟ್ಟಿಗೆಯನ್ನು ಸುತ್ತಿ, ಪಾದಕ್ಕೆ ಕಚಗುಳಿ ಆದ ಕಡೆ "ಇಲ್ಲಿ ಸೋರ್ತಿದೆ ನೋಡಿ" ಅನ್ನುತ್ತಿದ್ದಳು, ನಾನು ಅಲ್ಲಿಗೆ ಮತ್ತೆ ಗೋಂದು ತುಂಬುತ್ತಿದ್ದೆ. ಮೂರು ಸುತ್ತು ಬಂದ ಮೇಲೆ ಸೋರುವುದು ನಿಂತಿತು. ಏಕಾಂಬರ ಒಂದರಿಂದ ಹತ್ತರ ತನಕ ಎಣಿಸಿದ. ನಾನು ಉಸಿರು ಬಿಗಿಹಿಡಿದು ನೆತ್ತಿಯ ಬಾಯಿಗೆ ಕಿವಿ ಇಟ್ಟೆ. ಬಂತು! ದೇವರಾಣೆಗೂ ಬಂತು! ನಿಂತ ಗಂಡಸಿನ ಕಿವಿಗೆ ನಮ್ಮೂರಲ್ಲಿ ಮೊದಲ ಸಲ ದಪ್ಪ ಸದ್ದು ಬಂತು. ಆದರೆ ಒಂದು, ಎರಡು, ಮೂರು ಅಲ್ಲ. ಬೋಂ, ಬೋಂ, ಬೋಂ. ಎಲ್ಲ ಅಂಕಿಯೂ ಬೋಂ.

ಏಕಾಂಬರ ಪೆಟ್ಟಿಗೆಯ ಪಕ್ಕಕ್ಕೆ ಬೆರಳಿನ ಗೆಣ್ಣಿನಿಂದ ಬಡಿದ. ಹಲಸಿನ ಹಣ್ಣು ನೋಡುವವರ ಹಾಗೆ ತಲೆ ವಾಲಿಸಿ ಕೇಳಿದ. "ಡಬ್ ಅಂತಿದೆ ಮಾವ. ಸ್ಪೀಕರ್ ಜೊತೆ ಹಲಗೆನೂ ಸೇರ್ಕೊಂಡು ಮಾತಾಡ್ತಿದೆ. ಇದಕ್ಕೆ ಒಳಗಡೆ ಅಡ್ಡಪಟ್ಟಿ ಬೇಕು. ಈ ಹಲಗೆಯಿಂದ ಆ ಹಲಗೆಗೆ, ಮುಂದಿಂದ ಹಿಂದಕ್ಕೆ. ಎದುರುಬದುರು ಇರೋವು ಒಂದನ್ನೊಂದು ಹಿಡ್ಕೊಂಡಿದ್ರೆ ಯಾವುದೂ ಕುಣಿಯಲ್ಲ. ಆದ್ರೆ ಪಟ್ಟಿ ಸರಿಯಾಗಿ ನಡುಮಧ್ಯ ಬೇಡ, ಸ್ವಲ್ಪ ಪಕ್ಕಕ್ಕಿರ್ಲಿ. ಮಧ್ಯ ಇಟ್ರೆ ಎರಡು ಅರ್ಧನೂ ಜೊತೇಲಿ ಕುಣಿಯತ್ತೆ."

ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಓರೆಕೋರೆಯಾಗಿ, ಮಧ್ಯ ತಪ್ಪಿಸಿ ಮರ ಕೂರಿಸುವುದು! ನನ್ನ ಕೈಗೆ ಇಂಥ ಕೆಲಸ ಮಾಡಿ ಗೊತ್ತೇ ಇಲ್ಲ. ಆದರೂ ಮಾಡಿದೆ. ಹಿಂದಿನ ಹಲಗೆ ಬಿಚ್ಚಿ, ಮಾವಿನ ಮರದ ಪಟ್ಟಿ ಕೀಸಿ, ಬಿಗಿಯಾಗಿ ತಳ್ಳಿ ಗೋಂದು ಹಾಕಿದೆ. ಹೊಸ ಮರ ಅದು, ಒಳಗೆ ಹಸಿ ಇತ್ತು. ಮಾರನೆಯ ದಿನ ಬಿಸಿಲೇರುತ್ತಿದ್ದಂತೆ ಪೆಟ್ಟಿಗೆಯೊಳಗೆ ಚಟ್ ಅಂತ ಒಂದು ಸದ್ದು ಬಂತು. ಇನ್ನೊಂದು ಪಟ್ಟಿ ಹಾಕಿದೆ, ಅದು ಬಿಲ್ಲಿನ ಹಾಗೆ ಬಾಗಿತು. "ಹಳೇ ಮರ ಬೇಕು ಮಾವ" ಅಂದ ಏಕಾಂಬರ. "ಇಪ್ಪತ್ತು ಮೂವತ್ತು ವರ್ಷ ಒಣಗಿರೋದು."

ಹಳೆಯ ಮರ! ನಮ್ಮೂರಲ್ಲಿ ಇರುವ ಹಳೆಯ ಮರವೆಲ್ಲ ಹೊಸ್ತಿಲಾಗಿ ಕೂತಿದೆ, ಕೂರಿಸಿದವನು ನಾನೇ. ಬೀದಿಯುದ್ದಕ್ಕೂ ಕೇಳಿದೆ. ಇಮಾಮಣ್ಣ ಮಾತಿಗೆ ಮೊದಲೇ ಹೋಗಿ ತನ್ನ ಹೊಸ್ತಿಲ ಮೇಲೆ ಕೂತುಬಿಟ್ಟ. "ಬೇರೆ ಏನಾದ್ರೂ ಕೇಳು ಮೋನಪ್ಪಣ್ಣ. ಇದು ಹೋದ್ರೆ ಗಿರಣಿಯೆಲ್ಲ ನನ್ನ ಮನೆ ಒಳಗಿರತ್ತೆ." ಅವನದು ತಪ್ಪೂ ಅಲ್ಲ. ಎರಡು ದಿನ ಉಳಿದಿತ್ತು. ಸುತ್ತಾಡಿ ಸುತ್ತಾಡಿ ಕೊನೆಗೆ ಅಕ್ಕನ ಮನೆಯ ಮುಂದೆ ನಿಂತಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲನ್ನು ಕಣ್ಣಿಟ್ಟು ನೋಡಿದೆ. ಒಂದು ಬಿರುಕಿಲ್ಲ, ಒಂದು ಗಂಟಿಲ್ಲ. ಮೇಲಿನ ಅಂಚು ಅಕ್ಕನ ಸೀರೆಯ ನಿರಿಗೆ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು.

"ಏನೋ, ಹೊಸ್ತಿಲನ್ನ ಹಂಗೆ ನೋಡ್ತಿದೀಯಾ?" ಕುರ್ಚಿಯಿಂದ ಅಕ್ಕ ಕೂಗಿದಳು.

"ಏನಿಲ್ಲಕ್ಕ. ಮರ ಎಷ್ಟು ಚೆನ್ನಾಗಿ ಒಣಗಿದೆ ಅಂತ."

"ಒಣಗದೆ ಏನು? ನನ್ನ ಮಂಡಿ ಎಣ್ಣೆ ಎಲ್ಲ ಅದೇ ಕುಡಿದಿದೆ."

ಅಷ್ಟು ಸಾಕಾಯಿತು ನನಗೆ.

ಮಾರನೆಯ ದಿನ ಬೆಳಿಗ್ಗೆ ಇಂದ್ರಾಣಿ ಅಕ್ಕನನ್ನು ಎಣ್ಣೆನೀರಿಗೆ ಕೂರಿಸಿದಳು. ಮಂಡಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಮತ್ತೆ ತಿಕ್ಕಿ, ಏನಿಲ್ಲವೆಂದರೂ ಒಂದು ಗಂಟೆಯ ಕೆಲಸ. ಗರಗಸದ ಕಿರ್ರೋ ಅನ್ನುವುದು ಬಚ್ಚಲಿಗೆ ಕೇಳಬಾರದು ಅಂತ ವನಜಾಕ್ಷಿ ಅಕ್ಕನ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಳು. "ಎಷ್ಟು ಚಟ್ನಿ ರುಬ್ತೀಯೇ ವನಜಾ?" ಅಂತ ಒಳಗಿಂದ ಅಕ್ಕ ಕೇಳಿದ್ದು ನನಗೂ ಕೇಳಿಸಿತು. "ನಾಳೆ ಜನ ಬರ್ತಾರಲ್ಲ ಅತ್ತಿಗೆ" ಅಂದಳು ಇವಳು, ಜಾರಿನಲ್ಲಿ ಒಂದು ಕಾಳೂ ಇರಲಿಲ್ಲ. ನಾನು ಮಂಡಿಯೂರಿ ಕೂತು ಹೊಸ್ತಿಲನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಅಡ್ಡಕ್ಕೆ ಕೊಯ್ಯತೊಡಗಿದೆ. ನನ್ನ ಬದುಕಿನ ಅತ್ಯುತ್ತಮ ಕೆಲಸ ಅದು. ಕೊಯ್ಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಅರ್ಧ ಕೊಯ್ದ ಮೇಲೆ ಹಗುರವಾಯಿತು, ಪೂರ್ತಿ ಕೊಯ್ದಾಗ ಯಾಕೋ ನಗು ಬಂತು. ಕೊಯ್ದ ಜಾಗ ಕಾಣದ ಹಾಗೆ ಇಂದ್ರಾಣಿ ನಾಳೆಯ ಜನಕ್ಕೆ ಅಂತ ತಂದಿದ್ದ ಚಾಪೆಗಳನ್ನು ಸುತ್ತಿ ಒಂದರ ಮೇಲೊಂದು ಪೇರಿಸಿ ಮೇಲೆ ಜಮಖಾನ ಹೊದಿಸಿದಳು.

ಆ ಹೊನ್ನೆಯಿಂದ ಐದು ಪಟ್ಟಿ ಆಯಿತು. ಎರಡು ಅಗಲಕ್ಕೆ, ಎರಡು ಮುಂದಿನಿಂದ ಹಿಂದಕ್ಕೆ, ಒಂದು ತಳದಿಂದ ನೆತ್ತಿಗೆ. ಒಂದಕ್ಕೊಂದು ತಾಗುವಲ್ಲಿ ಕಚ್ಚು ಕೊಯ್ದು ಕೂರಿಸಿದೆ. ಮೊಳೆ ಬೇಕಾಗಲಿಲ್ಲ, ಆ ಮರ ಅಲ್ಲೇ ಹುಟ್ಟಿದ್ದ ಹಾಗೆ ಕೂತಿತು. ಗೋಂದು ಒಣಗಿದ ಮೇಲೆ ನಾನೇ ಗೆಣ್ಣಿನಿಂದ ಬಡಿದೆ. ಟಕ್. ಇನ್ನೊಂದು ಪಕ್ಕ ಬಡಿದೆ. ಟಕ್. ಏಕಾಂಬರ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹಾಗೇ ಬಗ್ಗಿಕೊಂಡೇ "ಹಲಗೆ ಬಾಯಿ ಮುಚ್ತು ಮಾವ" ಅಂದ.

ಹುಣ್ಣಿಮೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬೀದಿಗೆ ಬೀದಿಯೇ ಅಕ್ಕನ ಮನೆಗೆ ಬಂತು. ಚಾಪೆ ಬಿಚ್ಚಿ ಹಾಸಿಕೊಂಡು ಬಾಗಿಲಿಗೆ ಅಡ್ಡಲಾಗಿಯೇ ಕೂತರು, ಹಾಗಾಗಿ ಹೊಸ್ತಿಲು ಅಕ್ಕನ ಕಣ್ಣಿಗೆ ಬೀಳಲಿಲ್ಲ. ಪೆಟ್ಟಿಗೆಯನ್ನು ಅವಳ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿದೆ. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕೂ ಒಂದು ಲೋಟ ಕಾಫಿ ಕೊಡ್ರೇ, ನನ್ನಷ್ಟೇ ಇದೆ" ಅಂದಳು. ಬಾಯಿ ತಮಾಷೆ ಮಾಡುತ್ತಿತ್ತು, ಕೈ ಮಾತ್ರ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಇಂದ್ರಾಣಿ ಅಮ್ಮನ ಹತ್ತಿರ ನಿಂತಿದ್ದಳು, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಏಕಾಂಬರ ಒಳಗೆ ಬರಲಿಲ್ಲ. ಆ ಮೂರು ಭಾನುವಾರ ನಿಂತಿದ್ದ ಜಾಗದಲ್ಲೇ, ಬಾಗಿಲ ಆಚೆ, ಮೈಕ್ ಹಿಡಿದು ನಿಂತ.

ಅವನ ತುಟಿ ಆಡಿತು. ಅಕ್ಕನ ಪಕ್ಕದಲ್ಲಿ ನಿಂತಿದ್ದ ನನಗೆ ಏನೂ ಕೇಳಲಿಲ್ಲ, ಅಕ್ಕನಿಗೂ ಕೇಳಲಿಲ್ಲ. ಆದರೆ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದ ಇಮಾಮಣ್ಣನ ಮುಖ ಅರಳಿತು. ಅವನ ಹಿಂದಿನವರ ಮುಖ ಅರಳಿತು. ಏಕಾಂಬರನ ಬಾಯಿಂದ ಬಿದ್ದ ಮಾತು ಗಿಡ್ಡ ಹೊಸ್ತಿಲು ದಾಟಿ, ನೆಲದ ಮೇಲೆ ಹರಿದು ಒಳಗೆ ಬರುತ್ತಿತ್ತು. ಒಂದೊಂದೇ ಸಾಲು ‘ಓ’ ಅಂತ ಬಾಯಿಬಿಟ್ಟು, ಆಮೇಲೆ ಎಲ್ಲರೂ ಕತ್ತೆತ್ತಿ ಅಕ್ಕನನ್ನೇ ನೋಡತೊಡಗಿದರು. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನಂತೆ? ಏನಂದ್ನಂತೆ?" ಅಕ್ಕ ಕೇಳಿದಳು. ಇಮಾಮಣ್ಣ ಪೆಟ್ಟಿಗೆಯ ಕಡೆ ಬೆರಳು ತೋರಿಸಿದ.

ಅವನು ಎರಡನೆಯ ಸಲ ಅದನ್ನೇ ಅಂದ. ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಒಳಗೆ ದನಿ ಏರುತ್ತಿತ್ತು, ಸೊಂಟದ ಮಟ್ಟಕ್ಕೆ ಬಂದದ್ದು ಕೈಗೆ ಗೊತ್ತಾಯಿತು. ಹಲಗೆಗಳು ಬಿಗಿದವು. ಒಳಗಿನಿಂದ ಒಂದು ಸಲ ಕಿರ್ ಅಂತು. ಸೀಳಿತೇ ಅಂತ ಹಲಗೆಗೆ ಕಿವಿ ಒತ್ತಿದೆ. ಇಲ್ಲ, ಮತ್ತೆ ಸದ್ದಿಲ್ಲ. ಹೊನ್ನೆ ಹಿಡಿದುಕೊಂಡಿತ್ತು. ಅವನು ಮೂರನೆಯ ಸಲ ಅಂದ. ಪೆಟ್ಟಿಗೆ ತುಂಬಿತು, ಬಾಯಿಯ ತನಕ ಬಂತು, ಅಕ್ಕನ ಕಿವಿಯ ಪಕ್ಕದಲ್ಲಿ ಮೆಲ್ಲಗೆ ಚೆಲ್ಲಿತು.

"ಅಮ್ಮಾ, ಒಳಗೆ ಬರ್ಲಾ?"

ಅಷ್ಟೇ. ಮೊದಲು ಅಂದದ್ದೂ ಎರಡನೆಯ ಸಲ ಅಂದದ್ದೂ ಅದರ ಹಿಂದೆಯೇ ಬಂದವು. ಅಮ್ಮಾ, ಒಳಗೆ ಬರ್ಲಾ? ಅಮ್ಮಾ, ಒಳಗೆ ಬರ್ಲಾ?

ಅಕ್ಕ ಪೆಟ್ಟಿಗೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಮೂರು ಭಾನುವಾರನೂ ಇದೇನಾ ಅಂದಿದ್ದು?"

ಅವನು ಮೈಕಿಗೆ ಬಾಯಿಟ್ಟ. ಈಗ ಪೆಟ್ಟಿಗೆ ತುಂಬಿಯೇ ಇತ್ತು, ಮಾತು ಕೂಡಲೇ ಚೆಲ್ಲಿತು. "ಹೂಂ ಅಮ್ಮ. ನೀವು ಏನೂ ಅನ್ಲಿಲ್ಲ. ಕರೀದೆ ಒಳಗೆ ಬರೋದು ಹೆಂಗೆ? ಇವತ್ತು ಮನಸ್ಸಿಲ್ವೇನೋ, ಮುಂದಿನ ವಾರ ಕೇಳಿ ನೋಡೋಣ ಅಂತ ಹೋಗ್ತಿದ್ದೆ."

"ಅಯ್ಯೋ ನನ್ನಪ್ಪಾ" ಅಂದಳು ಅಕ್ಕ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಭಾವ ತೀರಿಕೊಂಡ ಮೇಲೆ ಕೇಳಿರಲಿಲ್ಲ. ಆಮೇಲೆ ನನ್ನ ಹೆಗಲು ಹಿಡಿದು ಎದ್ದಳು. "ಕೂತ್ಕೊಂಡೇ ಕರೆಯೋಕಾಗತ್ತಾ ಅಳಿಯನ್ನ? ದಾರಿ ಬಿಡ್ರೋ."

ಚಾಪೆಯ ಮೇಲಿದ್ದವರೆಲ್ಲ ಕೂತ ಹಾಗೇ ಅತ್ತ ಇತ್ತ ಸರಿದರು. ಅಕ್ಕ ಒಂದೊಂದೇ ಹೆಜ್ಜೆ ಇಟ್ಟು ಬಾಗಿಲ ತನಕ ಬಂದಳು. ಅವನ ಮುಖದ ಮೇಲೇ ಕಣ್ಣಿಟ್ಟಿದ್ದಳು, ಕೆಳಗೆ ನೋಡಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಒಂದು ಕೈಯಲ್ಲಿ ನಿರಿಗೆ ಎತ್ತಿ ಹಿಡಿದು, ಇನ್ನೊಂದು ಕೈ ಬಾಗಿಲವಾಡದ ಮೇಲಿಟ್ಟು, ನೋವಿಗೆ ಹಲ್ಲು ಕಚ್ಚಿ, ಬಲಗಾಲನ್ನು ಎತ್ತಿದಳು. ಕಾಲು ಮೇಲಕ್ಕೆ ಹೋಯಿತು. ದಾಟಲು ಅಲ್ಲಿ ಏನೂ ಇರಲಿಲ್ಲ. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಅಕ್ಕ ಕೆಳಗೆ ನೋಡಿದಳು.

"ಮೋನಾ."

"ಏನಕ್ಕಾ?"

"ನನ್ನ ಹೊಸ್ತಿಲು ಎಲ್ಲೋ?"

ನಾನು ಪೆಟ್ಟಿಗೆಯ ಕಡೆ ಕೈ ತೋರಿಸಿದೆ. "ಅದರೊಳಗಿದೆ ಅಕ್ಕ. ಅವನ ಮಾತನ್ನ ಎತ್ತಿ ಹಿಡ್ಕೊಂಡಿರೋದು ಅದೇ."

ಬೈಗುಳ ಬರುತ್ತದೆ ಅಂತ ಹೆಗಲು ಕುಗ್ಗಿಸಿ ಕಾದೆ. ಬರಲಿಲ್ಲ. ಅಕ್ಕ ನನ್ನ ಕಡೆ ಒಂದು ಸಲ ನೋಡಿ, ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿ, ಆ ನಾಲ್ಕು ಬೆರಳೆತ್ತರದ ಪಟ್ಟಿಯ ಆಚೆ ಇಟ್ಟಳು. ಎಡಗಾಲನ್ನೂ ತಂದಳು. ಎರಡು ವರ್ಷದ ಮೇಲೆ ನನ್ನ ಅಕ್ಕ ಬೀದಿಯಲ್ಲಿ ನಿಂತಿದ್ದಳು. ಇಂದ್ರಾಣಿ ಅಳುತ್ತಲೂ ನಗುತ್ತಲೂ ನನ್ನ ತೋಳನ್ನು ಗಟ್ಟಿಯಾಗಿ ಹಿಂಡಿದಳು, ಅದರ ಗುರುತು ಮೂರು ದಿನ ಇತ್ತು.

"ಬಾರಪ್ಪಾ, ಒಳಗೆ ಬಾ" ಅಂತ ಅಕ್ಕ ಏಕಾಂಬರನ ಕೈ ಹಿಡಿದಳು. ಅವನು ಮೈಕನ್ನು ಇಮಾಮಣ್ಣನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಒಳಗೆ ಬರಲು ಹೆಜ್ಜೆ ಎತ್ತಿದ. ಅಕ್ಕ ಕೈ ಬಿಡಲಿಲ್ಲ, ಜಾಗವನ್ನೂ ಬಿಡಲಿಲ್ಲ. ಆಗ ತಾನೇ ಗಿರಣಿ ಶುರುವಾಗಿತ್ತು. ಬೀದಿಯ ಆ ಕಡೆಯಿಂದ ಅದರ ಗುಂಯ್‌ಗುಟ್ಟುವಿಕೆ ಹರಿದುಬಂದು ಅಕ್ಕನ ಬರಿಗಾಲಿನ ಸುತ್ತ ತುಂಬುತ್ತಿತ್ತು. ಅಕ್ಕ ಬೆರಳು ಮಡಚಿದಳು, ಬಿಡಿಸಿದಳು, ಆಮೇಲೆ ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಕ್ಕಳು.

"ಇರಪ್ಪಾ, ಒಂದು ಗಳಿಗೆ ನಿಲ್ಲು" ಅಂದಳು. "ಇದು ಮುಗೀಲಿ. ಆಮೇಲೆ ಇಬ್ರೂ ಒಟ್ಟಿಗೆ ಒಳಗೆ ಹೋಗೋಣ."